ರೇಸ್ ಕಾರಿನ ಡಿಕ್ಕಿಯಲ್ಲಿ ಕಡೆಯುವ ಕಲ್ಲು

ನನ್ನ ಅಣ್ಣನ ಕೆಲಸ ಗಾಡಿಗಳ ವೇಗ ಕಡಿಮೆ ಮಾಡುವುದು. ಶಾಲೆಯ ಬಸ್ಸು, ಕಾರ್ಮಿಕರ ಬಸ್ಸು, ಲಾರಿ, ನೀರಿನ ಟ್ಯಾಂಕರು, ಯಾವುದೇ ಇರಲಿ, ಅದರ ಹೊಟ್ಟೆಯೊಳಗೆ ಒಂದು ಸಣ್ಣ ಪೆಟ್ಟಿಗೆ ಕೂರಿಸಿ, ಡ್ರೈವರ್ ಎಷ್ಟು ಒತ್ತಿದರೂ ಇಂತಿಷ್ಟಕ್ಕಿಂತ ಜೋರಾಗಿ ಹೋಗದಂತೆ ಮಾಡಿ, ಸೀಲು ಹೊಡೆದು ಕಳಿಸುತ್ತಾನೆ. ದುಬೈಗೆ ಬಂದಂದಿನಿಂದ ಮಾಡಿಕೊಂಡು ಬಂದದ್ದು ಇಷ್ಟೇ. ಅಂಥವನು ಐವತ್ತು ದಾಟಿದ ಮೇಲೆ ರೇಸಿಗೆಂದು ಒಂದು ಕಾರು ಕಟ್ಟಲು ಹೊರಟಾಗ ಮನೆಯವರೆಲ್ಲ ನಕ್ಕರು. ನಾನು ನಗಲಿಲ್ಲ. ನನಗೆ ಮಂಡೆಬೆಚ್ಚ ಶುರುವಾಯಿತು.

ಮಂಡೆಬೆಚ್ಚ ಎಂದರೆ ನಮ್ಮ ಕರಾವಳಿಯಲ್ಲಿ ತಲೆಬಿಸಿ. ಅದು ನನಗೆ ಹುಟ್ಟಿನಿಂದಲೇ ಇತ್ತು. ಉದ್ಯೋಗ ಸಿಕ್ಕಿದ್ದೂ ಅದಕ್ಕೆ ತಕ್ಕದ್ದೇ. ವಾಹನ ವಿಮೆಯ ಕಚೇರಿಯೊಂದರಲ್ಲಿ ಕ್ಲೇಮ್ ವಿಭಾಗದಲ್ಲಿದ್ದೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನಜ್ಜುಗುಜ್ಜಾದ ಬಂಪರುಗಳ ಫೋಟೋ ನೋಡುತ್ತೇನೆ. ಸುರಕ್ಷಿತವಾಗಿ ಮನೆ ಸೇರುವ ಕಾರುಗಳೂ ಈ ಲೋಕದಲ್ಲಿವೆ ಎಂದು ಬೇರೆಯವರು ಹೇಳುತ್ತಾರೆ. ಇರಬಹುದು. ಅವುಗಳ ಫೋಟೋ ಯಾರೂ ನನಗೆ ಕಳಿಸುವುದಿಲ್ಲ. ಮನೆಯಲ್ಲಿ ನನ್ನ ಮಗಳು ಈ ವಿಷಯದಲ್ಲಿ ನನ್ನೊಡನೆ ವಾದ ಬಿಟ್ಟು ಬಹಳ ಕಾಲವಾಯಿತು. ಏನು ಹೇಳಿದರೂ "ಅಮ್ಮಾ, ರಿಲ್ಯಾಕ್ಸ್" ಎನ್ನುತ್ತಾಳೆ. ಆ ಎರಡು ಶಬ್ದ ಕೇಳಿದೊಡನೆ ನನ್ನ ಬಿಪಿ ಏರುತ್ತದೆ.

ಕಾರು ಅಮೆರಿಕದ್ದು. ಎರಡೇ ಬಾಗಿಲು, ಉದ್ದ ಮೂತಿ, ಗಿಡ್ಡ ಹಿಂಭಾಗ. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ದೊಡ್ಡದು, ಬಹುವಚನದಲ್ಲೇ ಮಾತಾಡಿಸಬೇಕಿತ್ತು. ಶಾರ್ಜಾದ ಗುಜರಿ ಯಾರ್ಡಿನಲ್ಲಿ ಅಣ್ಣನ ಕಣ್ಣಿಗೆ ಬಿದ್ದಾಗ ಅದರ ಬಾನೆಟ್ಟಿನೊಳಗೆ ಪಾರಿವಾಳಗಳು ಸಂಸಾರ ಹೂಡಿದ್ದವು. ಅವುಗಳನ್ನು ಎಬ್ಬಿಸಿ, ತುಕ್ಕು ಉಜ್ಜಿಸಿ, ಅಲ್ ಕೂಜಿನ ಗ್ಯಾರೇಜಿನಲ್ಲಿ ರಜಾದಿನಗಳನ್ನೆಲ್ಲ ಸುರಿದು, ಎಂಟು ಸಿಲಿಂಡರಿನ ಇಂಜಿನ್ ಕೂರಿಸಿ, ಹಿಂದಕ್ಕೆ ಮಣೆಯಷ್ಟು ಅಗಲದ ಟಯರು ಹಾಕಿಸಿ, ಕಡೆಗೆ ಕಿತ್ತಳೆ ಬಣ್ಣ ಹೊಡೆಸಿದ. ಅತ್ತಿಗೆ ಅದನ್ನು ಕುಂಬಳಕಾಯಿ ಬಣ್ಣ ಎನ್ನುತ್ತಾಳೆ. ನನಗೆ ಅತ್ತಿಗೆ ಹೇಳಿದ್ದೇ ಸರಿ ಎನಿಸುತ್ತದೆ; ಅಣ್ಣನೆದುರು ಹಾಗೆನ್ನುವುದಿಲ್ಲ.

ತನ್ನ ಫ್ಲ್ಯಾಟಿರುವ ಡಿಸ್ಕವರಿ ಗಾರ್ಡನ್ಸಿನ ಪಾರ್ಕಿಂಗಿನಲ್ಲಿ ಅಣ್ಣ ಅದನ್ನು ಸ್ಟಾರ್ಟ್ ಮಾಡಿದರೆ ಸುತ್ತ ನಿಂತ ಕಾರುಗಳ ಅಲಾರಾಂಗಳು ಒಂದರ ಹಿಂದೊಂದು ಅಳಲು ಶುರುಮಾಡುತ್ತವೆ. ಬೆಕ್ಕುಗಳು ಕಂಪೌಂಡ್ ಹಾರುತ್ತವೆ. ಎರಡನೇ ಮಾಳಿಗೆಯ ಒಬ್ಬ ಯಜಮಾನರು ಬನಿಯನ್ನಿನಲ್ಲಿ ಬಾಲ್ಕನಿಗೆ ಬಂದು, ಕೈಮುಗಿದೋ ಶಪಿಸಿಯೋ ತಿಳಿಯದ ಹಾಗೆ ಎರಡೂ ಕೈ ಎತ್ತಿ, ಒಳಗೆ ಹೋಗುತ್ತಾರೆ.

ಈ ಕಾರಿನ ಜೀವಮಾನದ ಗುರಿ ಒಂದೇ. ಅಬುಧಾಬಿಯ ಡ್ರ್ಯಾಗ್ ಪಟ್ಟಿಯಲ್ಲಿ, ನೇರ ಗೆರೆ ಎಳೆದಂಥ ದಾರಿಯಲ್ಲಿ, ಕಾಲು ಮೈಲಿಯನ್ನು ಹದಿಮೂರು ಸೆಕೆಂಡಿಗಿಂತ ಬೇಗ ಓಡುವುದು. ಅಷ್ಟೇ. ತಿರುವಿಲ್ಲ, ಏರಿಲ್ಲ, ನೋಡುವುದಕ್ಕೂ ಏನಿಲ್ಲ. ಅದಕ್ಕಾಗಿ ಅಣ್ಣ ಕಾರಿನಿಂದ ತೂಕ ಇಳಿಸುತ್ತಾ ಹೋದ. ಹಿಂದಿನ ಸೀಟು ಹೋಯಿತು. ಕಾರ್ಪೆಟ್ ಹೋಯಿತು. ಏಸಿ, ರೇಡಿಯೋ, ಸ್ಪೇರ್ ಟಯರು ಹೋದವು. ಕಬ್ಬಿಣದ ಬಾನೆಟ್ ಹೋಗಿ ಫೈಬರಿನದು ಬಂತು. ಕಳಚಲು ಇನ್ನೇನೂ ಉಳಿಯದಾದಾಗ ಅವನು ತನ್ನ ಮೇಲೆಯೇ ಕೈಯಿಟ್ಟ. ರಾತ್ರಿ ಊಟ ಬಿಟ್ಟು ಸೌತೆಕಾಯಿ ತಿನ್ನತೊಡಗಿದ. ಆದರೂ ಕಾರು ಹದಿಮೂರೂವರೆಯ ಆಚೀಚೆಯಲ್ಲೇ ನಿಲ್ಲುತ್ತಿತ್ತು. ಹಸಿರು ದೀಪ ಬಿದ್ದೊಡನೆ ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರ ಸುತ್ತಿ, ಹೊಗೆ ಎಬ್ಬಿಸಿ, ನಾಯಿ ಬಾಲ ಅಲ್ಲಾಡಿಸಿದ ಹಾಗೆ ಹಿಂಭಾಗ ಆಚೀಚೆ ಅಲ್ಲಾಡಿ, ಆಮೇಲೆ ಹೊರಡುತ್ತಿತ್ತು. ಅಷ್ಟರಲ್ಲಿ ಪಕ್ಕದವನು ಅರ್ಧ ದಾರಿ.

ಇದರ ಮಧ್ಯೆ ಅತ್ತಿಗೆಯ ಕಷ್ಟ ಯಾರಿಗೂ ಕಾಣಲಿಲ್ಲ. ಅವರ ಫ್ಲ್ಯಾಟಿಗೆ ನೆರಳಿರುವ ಪಾರ್ಕಿಂಗ್ ಒಂದೇ. ಅದರಲ್ಲಿ ಕುಂಬಳಕಾಯಿ. ಅತ್ತಿಗೆಯ ಬಿಳಿ ಪುಟ್ಟ ಕಾರು ಆಚೆ ಮರಳಿನ ಪಕ್ಕ ಬಿಸಿಲಿನಲ್ಲಿ. ಜೂನ್ ಬಂದರೆ ಸ್ಟಿಯರಿಂಗ್ ಮುಟ್ಟಲಾಗುವುದಿಲ್ಲ. ಒಲೆಯಿಂದ ಪಾತ್ರೆ ಇಳಿಸುವ ದಪ್ಪ ಬಟ್ಟೆ ಎರಡು ಕಾರಿನಲ್ಲಿಟ್ಟುಕೊಂಡು, ಅದರಲ್ಲಿ ಸ್ಟಿಯರಿಂಗ್ ಹಿಡಿದು ಆಫೀಸಿಗೆ ಹೋಗುತ್ತಿದ್ದಳು. ಹಾಗೆ ಎರಡು ಬೇಸಿಗೆ ಕಳೆದಳು. ಮೂರನೆಯದು ಹತ್ತಿರ ಬರುವಾಗ ಒಬ್ಬ ಗಿರಾಕಿಯನ್ನು ಹುಡುಕಿದಳು.

ಗಿರಾಕಿ ಭಟ್ಕಳದವರು. ದುಬೈಯ ನೈಫ್ ಪೇಟೆಯಲ್ಲಿ ಸೂಟ್‌ಕೇಸಿನ ವ್ಯಾಪಾರ, ಬಹಳ ಸಭ್ಯ ಮನುಷ್ಯ. ಹೊಸದಾಗಿ ಒಂದು ಚಾ ಅಂಗಡಿ ತೆರೆಯುವವರಿದ್ದರು; ಒಳಗೆ ಅಲಂಕಾರಕ್ಕೆ ಹಳೆ ಕಾರು ಬೇಕಿತ್ತು. ಮನೆಗೆ ಬರುವಾಗ ಖರ್ಜೂರದ ಡಬ್ಬಿ ತಂದರು. ಕಾರಿನ ಸುತ್ತ ಎರಡು ಸುತ್ತು ಬಂದರು. ಹಿಂಭಾಗ ಕತ್ತರಿಸಿದರೆ ಚಂದದ ಸೋಫಾ ಆಗುತ್ತದೆ ಎಂದರು. ಆಮೇಲೆ ಬಾನೆಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, "ಇಲ್ಲಿ ಟೀ ಬಾಯ್ಲರ್ ಸರೀ ಕೂರ್ತದೆ ಭಾಯ್" ಎಂದರು.

ಆ ದಿನ ಅಣ್ಣ ಸೌತೆಕಾಯಿಯನ್ನೂ ತಿನ್ನಲಿಲ್ಲ.

ಗಂಡ ಹೆಂಡಿರ ನಡುವೆ ಏನೇನು ಮಾತಾಯಿತೋ ನನಗೆ ತಿಳಿಯದು. ತೀರ್ಮಾನ ಮಾತ್ರ ಅತ್ತಿಗೆ ನನಗೆ ಫೋನಿನಲ್ಲಿ ತಿಳಿಸಿದಳು. ಚಳಿಗಾಲದ ಸೀಸನ್ ಮುಗಿಯುತ್ತ ಬಂದಿದೆ. ಕೊನೆಯ ಶನಿವಾರ ಕಾರು ಹದಿಮೂರರ ಕೆಳಗೆ ಬಂದರೆ ಇರಲಿ, ಅವಳು ಇನ್ನೊಮ್ಮೆ ಬಾಯಿ ತೆರೆಯುವುದಿಲ್ಲ. ಬಾರದಿದ್ದರೆ ಮಾರನೇ ದಿನ ಚಾ ಅಂಗಡಿಗೆ. ಅಣ್ಣ ಒಪ್ಪಿದ್ದಾನೆ. ಸಾಕ್ಷಿಗೆ ನಾನು ಹೋಗಬೇಕು.

"ನಾನು ಯಾಕೆ?" ಎಂದೆ.

"ನಿನ್ನ ಅಣ್ಣ ಸುಳ್ಳು ಹೇಳುವ ಜನ ಅಲ್ಲ ಮಾರಾಯ್ತಿ," ಎಂದಳು ಅತ್ತಿಗೆ. "ಆದ್ರೆ ಆ ಕಾರಿನ ವಿಷಯದಲ್ಲಿ ಅವರಿಗೆ ಸತ್ಯ ಗೊತ್ತೇ ಇರುದಿಲ್ಲ. ನೀನಾದ್ರೆ ಒಳ್ಳೆದಾದ್ರೂ ಕೆಟ್ಟದ್ದೇ ಹೇಳ್ತಿ. ನಂಬ್ಲಿಕ್ಕೆ ಆಗ್ತದೆ."

ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಶುಕ್ರವಾರ ಸಂಜೆ ನಾನೊಂದು ತಪ್ಪು ಮಾಡಿದೆ. ಮರುದಿನದ ಪ್ರಯಾಣ ನೆನೆದು ಎದೆ ಹೊಡೆದುಕೊಳ್ಳುತ್ತಿತ್ತು. ಯಾರಾದರೂ ಎರಡು ಒಳ್ಳೆಯ ಮಾತು ಹೇಳಲಿ ಎಂಬ ಆಸೆಯಿಂದ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: ನಾಳೆ ಅಣ್ಣನ ಕಾರಿನಲ್ಲಿ ಅಬುಧಾಬಿಗೆ ಹೋಗುತ್ತಿದ್ದೇವೆ, ಎಲ್ಲರೂ ನಮಗಾಗಿ ಪ್ರಾರ್ಥಿಸಿ.

ನಮ್ಮ ಕಡೆಯವರನ್ನು ಬಲ್ಲವರು ಇಂಥದ್ದನ್ನು ಬರೆಯುವುದಿಲ್ಲ. ಹೋಗುವ ಗಾಡಿ ಖಾಲಿ ಹೋಗಬಾರದು ಎಂಬುದು ನಮ್ಮಲ್ಲಿ ಯಾವ ಶಾಸ್ತ್ರದಲ್ಲೂ ಇಲ್ಲದ, ಎಲ್ಲ ಶಾಸ್ತ್ರಕ್ಕಿಂತ ಗಟ್ಟಿಯಾದ ನಿಯಮ. ಊರಿನಿಂದ ವಿಮಾನ ಹತ್ತುವವನ ಪೆಟ್ಟಿಗೆಯಲ್ಲಿ ಅರ್ಧ ಮಾತ್ರ ಅವನದು; ಉಳಿದದ್ದು ಬೇರೆಯವರ ಉಪ್ಪಿನಕಾಯಿ, ಬೇರೆಯವರ ಮದ್ದು, ಬೇರೆಯವರ ಮಗುವಿನ ಲಂಗ. ದುಬೈಯಿಂದ ಅಬುಧಾಬಿಗಾದರೂ ಅಷ್ಟೇ. ಕೊರಿಯರಿನಲ್ಲಿ ಕಳಿಸಿದರೆ, ಕೊಂಡುಹೋಗಲು ನಮಗೆ ಯಾರೂ ಇಲ್ಲ ಎಂದು ಊರಿಗೆ ಸಾರಿದ ಹಾಗೆ. ಆದ್ದರಿಂದ ನನ್ನ ಮೆಸೇಜಿಗೆ ಕೈಮುಗಿದ ಚಿತ್ರಗಳು ಎರಡು ಬಂದವು. ಪಾರ್ಸೆಲ್ಲುಗಳು ಬೆಳಗಾಗುವುದರೊಳಗೆ ರಾಶಿಯಾದವು. ಒಂದು ಚೀಲ ಕುಚ್ಚಲಕ್ಕಿ. ಒಂದು ಡಬ್ಬ ತೆಂಗಿನೆಣ್ಣೆ. ಹಲಸಿನ ಹಪ್ಪಳದ ದೊಡ್ಡ ಕಟ್ಟು. ಮತ್ತೆ, ಇದನ್ನು ಬರೆಯುವಾಗ ಇವತ್ತಿಗೂ ನನ್ನ ಸೊಂಟ ಹಿಡಿದುಕೊಳ್ಳುತ್ತದೆ, ಮುಸಫ್ಫಾದ ಚಿಕ್ಕಮ್ಮನ ಕಡೆಯುವ ಕಲ್ಲು.

ಚಿಕ್ಕಮ್ಮ ಎಂದರೆ ನಮ್ಮಮ್ಮನ ಚಿಕ್ಕಪ್ಪನ ಮಗಳು, ಅಬುಧಾಬಿಯ ಮುಸಫ್ಫಾದಲ್ಲಿ ಮಗನ ಜೊತೆಗಿದ್ದಾಳೆ. ಮಿಕ್ಸಿಯಲ್ಲಿ ಅರೆದ ಮಸಾಲೆಗೆ ಮಿಕ್ಸಿಯದೇ ವಾಸನೆ ಎಂಬುದು ಅವಳ ಮತ. ಹಾಗಾಗಿ, ಅಕ್ಕಿ ಉದ್ದು ರುಬ್ಬುವ ಊರಿನ ಕರಿಕಲ್ಲನ್ನೇ ಯಾರದೋ ಕಾರ್ಗೋದಲ್ಲಿ ಸೇರಿಸಿ ತರಿಸಿದ್ದಳು. ಅದು ಸಮುದ್ರ ದಾಟಿ ಬರ್ ದುಬೈಯ ನಮ್ಮ ಸಂಬಂಧಿಕರ ಬಟ್ಟೆ ಅಂಗಡಿವರೆಗೆ ಬಂತು. ಅಲ್ಲಿಂದ ಮುಂದೆ ಹೋಗಲಿಲ್ಲ. ಅಬುಧಾಬಿಗೆ ಹೊರಟ ಗಂಡಸರಿಗೆಲ್ಲ ಆ ಅಂಗಡಿಯ ಹತ್ತಿರ ಬಂದ ಕೂಡಲೇ ಬೆನ್ನುನೋವು. ತಿಂಗಳುಗಟ್ಟಲೆ ಕಲ್ಲು ಅಂಗಡಿಯ ಬಾಗಿಲಿಗೆ ಆನಿಕೊಂಡು, ಬಾಗಿಲು ಮುಚ್ಚಿಕೊಳ್ಳದ ಹಾಗೆ ಕಾಯುತ್ತಾ ಇತ್ತು. ನನ್ನ ಮೆಸೇಜು ನೋಡಿದ್ದೇ ಅಂಗಡಿಯವರು ಪಿಕಪ್ ಮಾಡಿಸಿ, ಬೆಳಿಗ್ಗೆ ಅಣ್ಣ ಕೆಳಗಿಳಿಯುವ ಮೊದಲೇ, ಕುಂಬಳಕಾಯಿಯ ಹಿಂದೆ ಇಳಿಸಿ, ತಿರುಗಿ ನೋಡದೆ ಹೋಗಿದ್ದರು.

ಅಣ್ಣ ಬಂದು ನಿಂತ. ಕಲ್ಲನ್ನು ನೋಡಿದ. ನನ್ನನ್ನು ನೋಡಿದ.

"ಇದು ಎಂಥದ್ದು?"

"ಪಾರ್ಸೆಲ್."

"ಯಾರಿಗೆ?"

"ಚಿಕ್ಕಮ್ಮನಿಗೆ."

ಅವನು ಬಾಗಿಲ ಹಿಡಿಕೆಯನ್ನು ಕೂಡ ಪ್ಲಾಸ್ಟಿಕ್ಕಿನದಕ್ಕೆ ಬದಲಾಯಿಸಿದ್ದ ಮನುಷ್ಯ. ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅದರ ಗುಳಿಯೊಳಗೆ ಕೈಯಿಟ್ಟು, ತೂಕ ಅಂದಾಜು ಮಾಡಿದ. "ನಾನು ತಿಂಗಳಿಂದ ಸೌತೆಕಾಯಿ ತಿಂತಿದ್ದೇನೆ, ಗೊತ್ತುಂಟಾ ನಿನಗೆ?" ಎಂದ. ಸ್ವರದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು.

ಆದರೆ ಚಿಕ್ಕಮ್ಮನಿಗೆ ಆಗುವುದಿಲ್ಲ ಎನ್ನುವ ಧೈರ್ಯವಂತರು ನಮ್ಮ ಕುಟುಂಬದಲ್ಲಿ ಇನ್ನೂ ಹುಟ್ಟಿಲ್ಲ. ವಾಚ್‌ಮ್ಯಾನ್ ಮತ್ತು ಅಣ್ಣ ಸೇರಿ ಎತ್ತಿ ಡಿಕ್ಕಿಗೆ ಹಾಕಿದರು. ಸ್ಪೇರ್ ಟಯರು ಕೂರುತ್ತಿದ್ದ ಗುಂಡಿಯಲ್ಲಿ ಕಲ್ಲು, ಅಳತೆ ತೆಗೆದು ಮಾಡಿಸಿದ ಹಾಗೆ, ಕೂತಿತು. ದಾರಿಯಲ್ಲಿ ಉರುಳಬಾರದೆಂದು ಅಣ್ಣ ಲಾರಿಯಲ್ಲಿ ಸಾಮಾನು ಬಿಗಿಯುವ ದಪ್ಪ ಬೆಲ್ಟುಗಳನ್ನು ತಂದು ಕಟ್ಟಿದ. ಅಬುಧಾಬಿ ತಲುಪಿದ ಕೂಡಲೇ ಮೊದಲು ಮುಸಫ್ಫಾ, ಎಲ್ಲ ಇಳಿಸುವುದು, ಆಮೇಲೆ ರೇಸು ಎಂದು ಮಾತಾಯಿತು.

ದಾರಿಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ರಸ್ತೆಯಲ್ಲಿ ಅಣ್ಣ ಮಿತಿಗಿಂತ ಹತ್ತು ಕಡಿಮೆಯಲ್ಲೇ ಓಡಿಸುತ್ತಾನೆ. ರಡಾರ್ ಕ್ಯಾಮೆರಾ ಹತ್ತಿರ ಬಂದರೆ ಇಪ್ಪತ್ತು ಕಡಿಮೆ. ಆ ರೇಸ್ ಕಾರನ್ನು ಕಾರ್ಮಿಕರ ಬಸ್ಸೊಂದು ಆರಾಮವಾಗಿ ಹಿಂದೆ ಹಾಕಿ ಹೋಯಿತು. ಕಿಟಕಿಯಲ್ಲಿದ್ದವರು ನಮಗೆ ಟಾಟಾ ಮಾಡಿದರು. ಅಣ್ಣನಿಗೆ ಅವಮಾನವೇನೂ ಆಗಲಿಲ್ಲ. "ಅದರ ಪೆಟ್ಟಿಗೆ ನಾನೇ ಕೂರಿಸಿದ್ದು, ನೋಡು ಎಷ್ಟು ಹದದಲ್ಲಿ ಹೋಗ್ತಾ ಉಂಟು" ಎಂದ. ನಾನು ಬಾಗಿಲಿನ ಮೇಲಿನ ಹಿಡಿ ಹಿಡಿದುಕೊಂಡು, ಸಿಗ್ನಲ್ಲಿನಲ್ಲಿ ಹೊರಡುವಾಗಲೆಲ್ಲ ಕಣ್ಣು ಮುಚ್ಚಿ, ತೆಗೆದು, ಹಾಗೂ ಹೀಗೂ ಮುಸಫ್ಫಾ ತಲುಪಿದೆ.

ಚಿಕ್ಕಮ್ಮನ ಮನೆಗೆ ಬೀಗ. ಮಗ ಡ್ಯೂಟಿಯಲ್ಲಿ. ಅವಳು ಯಾರದೋ ಫ್ಲ್ಯಾಟಿನಲ್ಲಿ ಭಜನೆಗೆ ಹೋಗಿದ್ದಳು. ಕರೆದರೆ ಎತ್ತಲಿಲ್ಲ; ಫೋನು ಬ್ಯಾಗಿನಲ್ಲಿ, ಬ್ಯಾಗು ಚಪ್ಪಲಿಯ ಹತ್ತಿರ ಇದ್ದಿರಬೇಕು. ಅಕ್ಕಿ, ಎಣ್ಣೆ, ಹಪ್ಪಳಗಳನ್ನೂ ಅವಳ ಮನೆಯಲ್ಲೇ ಇಟ್ಟರೆ ಮಿಕ್ಕವರು ಬಂದು ಒಯ್ಯುವರೆಂದು ಹೇಳಿದ್ದರು. ಕಾಯುತ್ತ ಕೂತರೆ ರೇಸಿನ ಹೆಸರು ನೋಂದಾಯಿಸುವ ಸಮಯ ಮೀರುತ್ತದೆ. ನಾನು ಚಿಕ್ಕಮ್ಮನಿಗೆ ಒಂದು ಮೆಸೇಜು ಹಾಕಿದೆ, ನಾವು ಎಲ್ಲಿರುತ್ತೇವೆ ಎಂದು. ಅಣ್ಣ ತುಟಿ ಬಿಗಿಹಿಡಿದು ಗಾಡಿ ತಿರುಗಿಸಿದ.

ಡ್ರ್ಯಾಗ್ ಪಟ್ಟಿಯ ಅಂಗಳದಲ್ಲಿ ಸುಟ್ಟ ರಬ್ಬರಿನ ವಾಸನೆ, ಪೆಟ್ರೋಲಿನ ವಾಸನೆ, ಎಲ್ಲೋ ಒಂದು ಕಡೆ ಬರ್ಗರಿನ ವಾಸನೆ. ಸೂರ್ಯ ಇಳಿಯುತ್ತಿದ್ದ. ಹುಡುಗರೆಲ್ಲ ಇಪ್ಪತ್ತೈದು ಮೂವತ್ತರವರು. ಕಾರುಗಳೂ ಹಾಗೇ, ಹೊಸವು. ಅವುಗಳ ನಡುವೆ ಬೋಳುತಲೆಯ ನಮ್ಮಣ್ಣ, ವಯಸ್ಸಿನಲ್ಲಿ ಅವನಿಗಿಂತ ಸ್ವಲ್ಪ ದೊಡ್ಡ ಕಾರು. ತಪಾಸಣೆಗೆ ಬಂದ ಅಧಿಕಾರಿ ಕ್ಯಾಪ್ ತಿರುಗಿಸಿ ಹಾಕಿಕೊಂಡ, ಆ ದೇಶದವನೇ ಆದ ಎಮಿರಾತಿ ತರುಣ. ಹೆಲ್ಮೆಟ್ ನೋಡಿದ, ಬೆಲ್ಟ್ ಎಳೆದ, ಎಲ್ಲ ಸರಿ ಎಂದ. ಡಿಕ್ಕಿ ತೆಗೆಸಿದ. ಕ್ಯಾಪ್ ನೆಟ್ಟಗೆ ಮಾಡಿಕೊಂಡು ಮತ್ತೊಮ್ಮೆ ನೋಡಿದ. ಕಾರಿನೊಳಗೆ ಸಡಿಲವಾದ ಸಾಮಾನು ಒಂದೂ ಇರಕೂಡದು, ಎಲ್ಲ ಹೊರಗೆ ಎಂದು ಇಂಗ್ಲಿಷಿನಲ್ಲಿ ಮರ್ಯಾದೆಯಿಂದಲೇ ಹೇಳಿದ.

ಅಣ್ಣ ಹೇಗೂ ಅದನ್ನೇ ಕಾಯುತ್ತಿದ್ದ. ಒಂದೊಂದಾಗಿ ಇಳಿಸಿದ. ಕಲ್ಲನ್ನು ಇಳಿಸಲು ಪಕ್ಕದ ಗುಂಪಿನ ನಾಲ್ಕು ಹುಡುಗರು ಓಡಿಬಂದರು. ಅದು ಇಂಜಿನ್ನಿನ ಯಾವ ಭಾಗ ಎಂದು ಕೇಳಿದರು. ನಾನು ಮಡಚುವ ಕುರ್ಚಿಯಲ್ಲಿ ಕೂತೆ. ಎಡಕ್ಕೆ ಅಕ್ಕಿ, ಬಲಕ್ಕೆ ಎಣ್ಣೆ, ಮಡಿಲಲ್ಲಿ ಹಪ್ಪಳ, ಎದುರಿಗೆ ಕಲ್ಲು. ಇಬ್ಬರು ಬಂದು ಹಪ್ಪಳದ ಬೆಲೆ ಕೇಳಿಹೋದರು.

ಪ್ರತಿಯೊಬ್ಬರಿಗೂ ಆ ದಿನ ಮೂರು ಓಟ. ಮೊದಲನೆಯದರಲ್ಲಿ ಕುಂಬಳಕಾಯಿ ಎಂದಿನಂತೆ ಹೊಗೆ ಎಬ್ಬಿಸಿತು, ಬಾಲ ಅಲ್ಲಾಡಿಸಿತು, ಆಮೇಲೆ ಹೊರಟಿತು. ಹದಿಮೂರೂವರೆಗಿಂತ ಚೂರು ಹೆಚ್ಚು. ಎರಡನೆಯದರಲ್ಲಿ ಅಣ್ಣ ಬೂಟು ಬಿಚ್ಚಿ ಹಗುರ ಚಪ್ಪಲಿ ಹಾಕಿಕೊಳ್ಳಲು ನೋಡಿದ, ಅಧಿಕಾರಿ ಬಿಡಲಿಲ್ಲ. ಹದಿಮೂರೂವರೆ. ಸಮಯ ಅಚ್ಚಾದ ಚೀಟಿಯನ್ನು ತಂದು ಸಾಕ್ಷಿಯ ಕೈಗೆ, ಎಂದರೆ ನನ್ನ ಕೈಗೆ ಕೊಟ್ಟು, ಅಣ್ಣ ಕಡೆಯುವ ಕಲ್ಲಿನ ಮೇಲೆಯೇ ಕೂತ. ಕಾರಿನ ಬಾನೆಟ್ಟನ್ನೇ ನೋಡುತ್ತಿದ್ದ. ಅವನ ಕಣ್ಣಿಗೆ ಅಲ್ಲಿ ಟೀ ಬಾಯ್ಲರ್ ಕಾಣುತ್ತಿದೆ ಎಂದು ನನಗೆ ಗೊತ್ತಾಯಿತು.

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಯಾರಾದರೂ ದುಃಖದಲ್ಲಿದ್ದರೆ ನಾನು ನನ್ನ ಹೆದರಿಕೆಗಳ ಬಗ್ಗೆ ಮಾತಾಡುತ್ತೇನೆ. ಕೇಳುವವರಿಗೆ ತಮ್ಮ ದುಃಖವೇ ವಾಸಿ ಎನಿಸುತ್ತದೆ. ಆವತ್ತೂ ಅದನ್ನೇ ಮಾಡಿದೆ. ನಿನ್ನ ಈ ಗಾಡಿ ಬಾಲ ಅಲ್ಲಾಡಿಸುವುದು ನೋಡಿದರೆ ನನಗೆ ಇಲ್ಲಿ ಕೂತಲ್ಲೇ ಕ್ಲೇಮ್ ಫಾರ್ಮು ಕಣ್ಣೆದುರು ಬರುತ್ತದೆ ಎಂದೆ. ಹಿಂದೊಮ್ಮೆ ಜಬಲ್ ಅಲಿಯ ಸಿಗ್ನಲ್ಲಿನಲ್ಲಿ ಹಾಗೇ ಮಾಡಿತ್ತು, ಮೂರು ದಿನ ನನಗೆ ನಿದ್ರೆ ಬಂದಿರಲಿಲ್ಲ ಎಂದೆ. ಆಮೇಲೆ, ಏನೋ ಒಂದು ಒಳ್ಳೆಯ ಮಾತೂ ಸೇರಲಿ ಎಂದು, "ಇವತ್ತು ಬರುವಾಗ ಮಾತ್ರ ಅಷ್ಟು ಹೆದರಿಕೆ ಆಗ್ಲಿಲ್ಲ ನನಗೆ. ಒಂದೇ ಒಂದು ಸಿಗ್ನಲ್ಲಿನಲ್ಲೂ ಅಲ್ಲಾಡ್ಲಿಲ್ಲ" ಎಂದೆ.

ಅಣ್ಣ ತಲೆಯೆತ್ತಿದ.

"ಒಮ್ಮೆಯೂ ಅಲ್ಲಾಡ್ಲಿಲ್ಲ?"

"ಇಲ್ಲ. ಎಮ್ಮೆ ಕೂತ ಹಾಗೆ ಕೂತಿತ್ತು."

"ಸಮ ನೆನಪುಂಟಾ?"

"ನನಗೆ ನೆನಪಿರದೆ ಮತ್ತೆ ಯಾರಿಗಿರ್ತದೆ? ಕಣ್ಣು ಮುಚ್ಚಿ ಅದನ್ನೇ ಕಾಯ್ತಾ ಇದ್ದದ್ದು ನಾನು."

ಅವನು ಮೆಲ್ಲಗೆ ಎದ್ದು ನಿಂತು, ತಾನು ಕೂತಿದ್ದ ಕಲ್ಲನ್ನು ತಿರುಗಿ ನೋಡಿದ. ಆಮೇಲೆ ತನಗೆ ತಾನೇ ಗೊಣಗತೊಡಗಿದ. ಎದುರಿಗೆ ಅಷ್ಟು ದೊಡ್ಡ ಇಂಜಿನ್ ಇದೆ, ಹಿಂದೆ ಏನೂ ಇಲ್ಲ, ಇದ್ದದ್ದನ್ನೆಲ್ಲ ತಾನೇ ಕಿತ್ತು ಹಾಕಿದ್ದಾನೆ. ನೆಲವನ್ನು ಒತ್ತಿ ಹಿಡಿಯಲು ಭಾರವೇ ಇಲ್ಲದ ಹಿಂದಿನ ಚಕ್ರ ನಿಂತಲ್ಲೇ ಸುತ್ತದೆ ಮತ್ತೇನು ಮಾಡುತ್ತದೆ. ಲಾರಿಯವರಿಗೆಲ್ಲ ಇದು ಗೊತ್ತು, ತನಗೂ ಗೊತ್ತಿತ್ತು, ಹಗುರ ಹಗುರ ಎಂದು ಮಂಡೆಗೆ ಹಿಡಿಸಿಕೊಂಡು ಮರೆತೇ ಹೋಯಿತು ಎಂದ. ಕಡೆಗೆ ನನ್ನ ಕಡೆ ತಿರುಗಿ, "ಆ ಹುಡುಗರನ್ನು ಕರಿ" ಎಂದ.

ನಾಲ್ಕು ಹುಡುಗರು ಮತ್ತೆ ಬಂದರು. ಕಲ್ಲು ಮತ್ತೆ ಗುಂಡಿಯಲ್ಲಿ ಕೂತಿತು. ಅಣ್ಣ ಈ ಸಲ ಬೆಲ್ಟುಗಳನ್ನು ಅಡ್ಡಡ್ಡ ಉದ್ದುದ್ದ ಹಾಕಿ, ಕೊಕ್ಕೆಗಳನ್ನು ಚಾಸಿಗೆ ಸಿಕ್ಕಿಸಿ, ತನ್ನ ಇಪ್ಪತ್ತೈದು ವರ್ಷದ ಲಾರಿ ವಿದ್ಯೆಯನ್ನೆಲ್ಲ ಅದರ ಮೇಲೆ ಪ್ರಯೋಗಿಸಿದ. ಅಧಿಕಾರಿ ತರುಣ ಬಂದ. "ಶೂ ಹಾದಾ?" ಎಂದ, ಇದು ಏನು ಎಂದು. ಅಣ್ಣ ಎದೆ ಸೆಟೆಸಿ, ಹಿಂಭಾಗಕ್ಕೆ ಭಾರ, ಬಿಗಿದು ಕಟ್ಟಿದರೆ ನಿಯಮದಲ್ಲಿ ಅವಕಾಶವಿದೆ ಎಂದ. ಅವಕಾಶವಿತ್ತು. ಆದರೆ ಹುಡುಗನಿಗೆ ಕುತೂಹಲ. ಕಲ್ಲಿನ ಗುಳಿಯೊಳಗೆ ಬೆರಳಾಡಿಸಿ, ಇದರಲ್ಲಿ ಯಾಕೆ ತೂತು ಎಂದು ನನ್ನನ್ನು ಕೇಳಿದ. ಚಟ್ನಿಗೆ ಎಂದೆ. ಅವನು ಗಂಭೀರವಾಗಿ ತಲೆದೂಗಿದ. ಎರಡು ಕೈಯಲ್ಲೂ ಹಿಡಿದು ಎಳೆದ, ದೂಡಿದ, ಕಾಲು ಕೊಟ್ಟು ಒದ್ದ. ಕಲ್ಲು ಅಲುಗಲಿಲ್ಲ, ಕಾರೇ ಅಲುಗಿತು. ಖಲಾಸ್, ಆಯಿತು, ಹೋಗಬಹುದು ಎಂದ.

ಅಷ್ಟರಲ್ಲಿ ಹಿಂದಿನಿಂದ ಒಂದು ಸ್ವರ ಬಂತು. "ಎಲ್ಲಿ ಉಂಟು ನನ್ನ ಕಲ್ಲು?"

ಚಿಕ್ಕಮ್ಮ. ಭಜನೆಯ ರೇಷ್ಮೆ ಸೀರೆ, ಕೈಯಲ್ಲಿ ಪ್ರಸಾದದ ಪೊಟ್ಟಣ. ಟ್ಯಾಕ್ಸಿ ಹಿಡಿದು ಬಂದಿದ್ದಳು. ಗೇಟಿನವರಿಗೆ ತನ್ನ ಕಲ್ಲು ಒಳಗಿದೆ ಎಂದು ಹೇಳಿದಳಂತೆ, ಅವರು ಬಿಟ್ಟರಂತೆ. ಡಿಕ್ಕಿಯೊಳಗೆ ಬಗ್ಗಿ ನೋಡಿದಳು. ಇಷ್ಟು ಬೆಲ್ಟ್ ಹಾಕಿ ಜೋಪಾನವಾಗಿ ತಂದಿದ್ದಾನಲ್ಲ ಎಂದು ಅವಳಿಗೆ ಬಹಳ ಸಂತೋಷವಾಯಿತು. ಟ್ಯಾಕ್ಸಿ ಹೊರಗೆ ಕಾಯುತ್ತಿದೆ, ಬೇಗ ಬಿಚ್ಚು ಎಂದಳು.

"ಚಿಕ್ಕಮ್ಮ, ಒಂದು ಸಲ ಓಡಿಸಿ ಕೊಡ್ತೇನೆ," ಎಂದ ಅಣ್ಣ.

"ಎಲ್ಲಿಗೆ?"

"ಅಲ್ಲಿವರೆಗೆ." ಅವನು ಪಟ್ಟಿಯ ತುದಿಯ ಕಡೆ ಕೈ ತೋರಿಸಿದ.

ಚಿಕ್ಕಮ್ಮ ಆ ಕಡೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. "ಅಲ್ಲಿ ಯಾರಿಗೆ ಬೇಕು ಕಲ್ಲು? ನಾನು ಉದ್ದು ನೆನೆಸಿಟ್ಟು ಬಂದಿದ್ದೇನೆ ಮಗಾ. ನಾಳೆ ಮನೆಗೆ ಹನ್ನೆರಡು ಜನ."

ನಾನು ವಿಷಯ ಬಿಡಿಸಿ ಹೇಳಿದೆ. ಅತ್ತಿಗೆಯ ಮಾತು, ಹದಿಮೂರು, ಚಾ ಅಂಗಡಿ, ಹಿಂಭಾಗ ಕತ್ತರಿಸಿ ಸೋಫಾ. ಇದೇ ಕಡೆಯ ಓಟ ಎಂದೆ. ನಮ್ಮ ಕಾರಿನ ಹೆಸರನ್ನು ಮೈಕಿನಲ್ಲಿ ಕರೆಯುತ್ತಿದ್ದರು. ಅಣ್ಣ ಹೆಲ್ಮೆಟ್ ಹಿಡಿದುಕೊಂಡು, ಶಾಲೆಯಲ್ಲಿ ಟೀಚರ್ ಎದುರು ನಿಂತ ಹಾಗೆ ನಿಂತಿದ್ದ. ಚಿಕ್ಕಮ್ಮ ಅವನ ಮುಖ ನೋಡಿದಳು. "ಇವನು ಯಾಕೆ ಹೀಗೆ ಒಣಗಿದ್ದು?" ಎಂದು ನನ್ನನ್ನು ಕೇಳಿದಳು. ಸೌತೆಕಾಯಿ ಎಂದೆ. ಅವಳು ಪ್ರಸಾದದ ಪೊಟ್ಟಣ ಬಿಡಿಸಿ ಒಂದು ಹಿಡಿ ಪಂಚಕಜ್ಜಾಯ ಅವನ ಬಾಯಿಗೆ ಹಾಕಿದಳು.

"ಕಲ್ಲು ಒಡೆದ್ರೆ ನಿನ್ನನ್ನು ಬಿಡುದಿಲ್ಲ. ಹೋಗು."

ಬಾಯಿ ತುಂಬ ಪಂಚಕಜ್ಜಾಯ ಇಟ್ಟುಕೊಂಡೇ ಅಣ್ಣ ಹೆಲ್ಮೆಟ್ ಹಾಕಿಕೊಂಡ.

ಗೆರೆಯಲ್ಲಿ ಎರಡು ಕಾರು ನಿಂತವು. ದೀಪದ ಕಂಬದಲ್ಲಿ ಹಳದಿ ಇಳಿಯುತ್ತ ಬಂತು. ನಾನು ಅಭ್ಯಾಸ ಬಲದಿಂದ ಕಣ್ಣು ಮುಚ್ಚಿದೆ. ಸಾಕ್ಷಿಯಾಗಿ ಬಂದದ್ದು ನೆನಪಾಗಿ ತೆರೆದೆ. ಹಸಿರು ಬಿತ್ತು. ಹೊಗೆ ಏಳಲಿಲ್ಲ. ಬಾಲ ಅಲ್ಲಾಡಲಿಲ್ಲ. ಕುಂಬಳಕಾಯಿ ಹಿಂಭಾಗ ತಗ್ಗಿಸಿ, ಮೂತಿ ಎತ್ತಿ, ಯಾರೋ ಹಿಂದಿನಿಂದ ಒದ್ದ ಹಾಗೆ ಹೊರಟಿತು. ಸದ್ದು ನನ್ನ ಎದೆಗೂಡಿನೊಳಗೆ ಬಂದು ಹೋಯಿತು. ಮಡಿಲಿನ ಹಪ್ಪಳಗಳು ನಡುಗಿದವು. ಚಿಕ್ಕಮ್ಮ ನನ್ನ ಭುಜ ಹಿಡಿದು, ಕಲ್ಲು, ಕಲ್ಲು ಎಂದು ಜಪಿಸುತ್ತಿದ್ದಳು.

ತುದಿಯ ಹಲಗೆಯಲ್ಲಿ ಅಂಕಿ ಮೂಡಿತು. ಹನ್ನೆರಡು ಪಾಯಿಂಟ್ ಒಂಬತ್ತು ಎಷ್ಟೋ. ಆ ಕೊನೆಯ ಅಂಕಿ ನನಗೆ ಇವತ್ತಿಗೂ ತಿಳಿಯದು; ಹನ್ನೆರಡು ಎಂಬುದನ್ನು ಓದಿದ ಮೇಲೆ ಕನ್ನಡಕ ಒದ್ದೆಯಾಗಿತ್ತು.

ಫೋನಿನಲ್ಲಿ ಅತ್ತಿಗೆಗೆ ನಾನು ಮೊದಲು ಹೇಳಬೇಕಾದದ್ದು ಹನ್ನೆರಡು ಎಂದು. ಆದರೆ ಮುಂದೊಂದು ದಿನ ಗೊತ್ತಾಗಿ ಜಗಳವಾದರೆ ಎಂಬ ಹೆದರಿಕೆಯಿಂದ ಮೊದಲು ಕಲ್ಲಿನ ವಿಷಯ ಹೇಳಿಬಿಟ್ಟೆ. ಅಣ್ಣ ತಲೆಗೆ ಕೈಯಿಟ್ಟುಕೊಂಡ. ಅತ್ತಿಗೆ ಎಲ್ಲ ಕೇಳಿ, ಕಲ್ಲಿಟ್ಟು ಓಡಿಸಿದ್ದು ಲೆಕ್ಕಕ್ಕಿಲ್ಲ, ಮಾತಾದದ್ದು ಕಾರಿನ ಬಗ್ಗೆ ಎಂದಳು. ಅವಳು ಹೇಳಿದ್ದರಲ್ಲೂ ನ್ಯಾಯವಿತ್ತು. ಎರಡು ಬೇಸಿಗೆ ಬಟ್ಟೆ ಹಿಡಿದು ಸ್ಟಿಯರಿಂಗ್ ತಿರುಗಿಸಿದವಳು. ಅಷ್ಟರಲ್ಲಿ ಚಿಕ್ಕಮ್ಮ ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ನಾನು ಇಲ್ಲೇ ನಿಂತು ನೋಡಿದ್ದೇನೆ ಮಗಳೇ," ಎಂದಳು. "ಕಲ್ಲು ಗಾಡಿಯನ್ನು ಎಳೆದದ್ದಾ? ಗಾಡಿ ಅಷ್ಟು ದೊಡ್ಡ ಕಲ್ಲನ್ನೂ ಹೊತ್ಕೊಂಡು ಓಡಿದ್ದು. ಅದು ಹೆಚ್ಚಾ, ಕಮ್ಮಿಯಾ? ನೀನೇ ಹೇಳು."

ಸೋತದ್ದು ವಾದದಲ್ಲೋ, ಹಿರಿಯರ ಮರ್ಯಾದೆಗೋ, ಅತ್ತಿಗೆ ಇವತ್ತಿಗೂ ಹೇಳಿಲ್ಲ. ಕಡೆಗೆ, ಕಾರು ಇರಲಿ, ಆದರೆ ನೆರಳು ನನಗೆ ಎಂದಳು. ಚಿಕ್ಕಮ್ಮ ಅಣ್ಣನನ್ನು ಕೇಳದೆಯೇ ಒಪ್ಪಿಬಿಟ್ಟಳು. ಆಮೇಲೆ ಟ್ಯಾಕ್ಸಿಯವನು ಕಲ್ಲು ನೋಡಿದೊಡನೆ ಹೊರಟೇ ಹೋಗಿ, ಕುಂಬಳಕಾಯಿಯಲ್ಲೇ ಅವಳನ್ನೂ ಕಲ್ಲನ್ನೂ ಮುಸಫ್ಫಾಕ್ಕೆ ಬಿಡಬೇಕಾಯಿತು. ಅವಳು ನನ್ನ ಸೀಟಿನಲ್ಲಿ, ನಾನು ಹಿಂದೆ ಆ ಹುಡುಗರಲ್ಲಿ ಒಬ್ಬನ ಜೀಪಿನಲ್ಲಿ, ಅಕ್ಕಿಯ ಜೊತೆ.

ಈಗ ಅತ್ತಿಗೆಯ ಬಿಳಿ ಕಾರು ನೆರಳಿನಲ್ಲಿದೆ. ಕುಂಬಳಕಾಯಿ ಮರಳಿನ ಪಕ್ಕ, ಬರ್ ದುಬೈಯಿಂದ ತಂದ ದಪ್ಪ ಬಟ್ಟೆ ಹೊದ್ದು ನಿಂತಿದೆ. ಭಟ್ಕಳದವರಿಗೆ ಶಾರ್ಜಾದಲ್ಲಿ ಬೇರೆ ಕಾರು ಸಿಕ್ಕಿತು. ಅದರ ಬಾಯ್ಲರಿನ ಚಾ ಚೆನ್ನಾಗಿದೆ ಎಂದು ಕೇಳಿದ್ದೇನೆ. ಅಣ್ಣ ಮಾತ್ರ ಆ ಅಂಗಡಿಯ ದಾರಿಯಲ್ಲಿ ಹೋಗುವುದಿಲ್ಲ. ಅವನು ಊಟ ಶುರುಮಾಡಿದ್ದಾನೆ, ಮೈ ತುಂಬಿಕೊಂಡಿದ್ದಾನೆ. ಗ್ರೂಪಿನಲ್ಲಿ ಅತ್ತೆಯಂದಿರು, ಚಿಕ್ಕಮ್ಮಂದಿರು ಡ್ರ್ಯಾಗ್ ಯಾವಾಗ ಎಂದು ಕೇಳುತ್ತಿರುತ್ತಾರೆ. ಡ್ರ್ಯಾಗ್ ಎಂದರೆ ಏನೆಂದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಆವತ್ತು ಅಬುಧಾಬಿಗೆ ಗಾಡಿ ಹೋಗುತ್ತದೆ ಎಂದು ಗೊತ್ತು.

ಹೊಸ ಸೀಸನ್ ಶುರುವಾಗುವ ವಾರ ನಾನು ಅಣ್ಣನ ಮನೆಯಲ್ಲಿದ್ದೆ. ಅವನು ಬಾಲ್ಕನಿಯಲ್ಲಿ ನಿಂತು ಬರ್ ದುಬೈಯ ಬಟ್ಟೆ ಅಂಗಡಿಗೆ ಫೋನು ಮಾಡುತ್ತಿದ್ದ. ಅಂಗಡಿಯವರು ಏನೋ ಹೇಳಿದರು. ಅಣ್ಣನಿಗೆ ಸಮಾಧಾನವಾಗಲಿಲ್ಲ.

"ಹಪ್ಪಳ ಬೇಡ ಮಾರಾಯ್ರೆ," ಎಂದ. "ಭಾರದ್ದು ಏನಾದ್ರೂ ಉಂಟಾ ನೋಡಿ."